ಕಾರ್ಪೆಟ್ಟಿನ ಮೇಲಿನ ಕಂಬಳಿ

ನೆಲಕ್ಕೆ ಹಾಸಿದ ಬಟ್ಟೆಯ ವಿಷಯವನ್ನು ಕಥೆಯೆಂದು ಹೇಳಹೊರಟಿರುವುದಕ್ಕೆ ಓದುವವರು ಮನ್ನಿಸಬೇಕು. ಇದರಲ್ಲಿ ಯಾರೂ ಸಾಯುವುದಿಲ್ಲ, ಯಾರ ಮನೆಯೂ ಮುರಿದು ಬೀಳುವುದಿಲ್ಲ. ಹೇಳುವಷ್ಟು ದೊಡ್ಡದೇ ಎಂಬ ಅನುಮಾನ ಈಗಲೂ ಹೋಗಿಲ್ಲ. ಆದರೆ ತಿಪಟೂರಿನ ಆಶಾ ಇವತ್ತಿಗೂ ತನ್ನ ಬಾಡಿಗೆ ಮನೆಯ ಹಾಲ್‌ನಲ್ಲಿ ನೆಟ್ಟಗೆ ಕೂತು ಊಟ ಮಾಡಲಾರಳು. ಆ ಕಾರಣಕ್ಕಾದರೂ ಹೇಳಬೇಕಾಗಿದೆ.

ಆಶಾ ಕೊಬ್ಬರಿ ಪುಡಿ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಳು. ಗಂಡ ಗಂಗರಾಜು ಗೂಡ್ಸ್ ಆಟೊದಲ್ಲಿ ತೆಂಗಿನಕಾಯಿ ಸಾಗಿಸುತ್ತಿದ್ದ. ಒಂದು ಮನೆಯಲ್ಲಿ ನೀರಿಗೆ ಜಗಳ, ಇನ್ನೊಂದರಲ್ಲಿ ಆಟೊ ನಿಲ್ಲಿಸುವುದಕ್ಕೆ ಜಗಳ. ಅಲೆದು ಅಲೆದು ಕೊನೆಗೆ ಕೊಬ್ಬರಿ ವ್ಯಾಪಾರಿ ತೋಂಟದಾರ್ಯರ ಮಹಡಿ ಮನೆ ಬಾಡಿಗೆಗೆ ಸಿಕ್ಕಿತು. ಅಲ್ಲಿ ಮೊದಲು ಯಾವುದೋ ಆಫೀಸು ಇತ್ತಂತೆ. ಅವರು ಹಾಲ್ ತುಂಬ, ಗೋಡೆಯಿಂದ ಗೋಡೆಗೆ ಬೂದು ಬಣ್ಣದ ಕಾರ್ಪೆಟ್ ಅಂಟಿಸಿ ಹಾಗೇ ಬಿಟ್ಟು ಹೋಗಿದ್ದರು. ಬೀಗದ ಕೈ ಕೊಡುವಾಗಲೇ ತೋಂಟದಾರ್ಯರ ಹೆಂಡತಿ ಸರ್ವಮಂಗಳಮ್ಮ ಹೇಳಿದ್ದರು.

"ನೋಡಮ್ಮ, ಈ ಬೀದೀಲಿ ಕಾರ್ಪೆಟ್ ಇರೋ ಮನೆ ಇದೊಂದೇ. ಕೀಳಬಾರ್ದು, ಹರೀಬಾರ್ದು, ನೀರು ಬೀಳಬಾರ್ದು. ಆಮೇಲೆ ಹೇಳ್ಲಿಲ್ಲ ಅನ್ಬೇಡ."

"ಇಲ್ಲಕ್ಕ, ಜೋಪಾನವಾಗಿ ನೋಡ್ಕೋತೀನಿ."

ಆಶಾಳ ಅತ್ತೆ ಹೊಂಬಾಳಮ್ಮ ಆಗ ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಯಲ್ಲಿ ಹಿರಿಯ ಮಗ ಕರಿಯಪ್ಪನ ಜೊತೆಗಿದ್ದಳು. ಅಲ್ಲಿ ಹಿರಿಸೊಸೆ ಮಾತಾಡಿಸುತ್ತಿರಲಿಲ್ಲ. ತಟ್ಟೆಯನ್ನು ಕುಕ್ಕಿ ಹೋಗುತ್ತಿದ್ದಳು. ಹಬ್ಬಕ್ಕೆ ಹೋದಾಗ ಅದನ್ನು ಕಣ್ಣಾರೆ ಕಂಡ ಆಶಾ ಎಲ್ಲರೆದುರೂ ಅಂದುಬಿಟ್ಟಿದ್ದಳು: "ಅತ್ತೆ ನನ್ನ ಜೊತೆ ಇರ್ಲಿ. ನನ್ನ ಮನೇಲಿ ಅವ್ರಿಗೆ ಜಾಗ ಇಲ್ಲ ಅನ್ನಿಸ್ಕೊಳ್ಳಲ್ಲ." ಚಿಕ್ಕಂದಿನಲ್ಲೇ ತಾಯಿ ಕಳಕೊಂಡವಳು ಅವಳು. ಕೆಲಸ ಮುಗಿಸಿ ಬರುವ ಹೊತ್ತಿಗೆ ಬಾಗಿಲಲ್ಲಿ ಒಬ್ಬರು ಕಾಯುತ್ತಿರಬೇಕೆಂಬ ಆಸೆಯೂ ಆ ಮಾತಿನಲ್ಲಿತ್ತು.

ಹೊಂಬಾಳಮ್ಮ ಬಂದಳು. ಹೊಸಲು ದಾಟಿ ಇಟ್ಟ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ಇದೇನವ್ವ, ನೆಲವೋ ಕುರಿ ಬೆನ್ನೋ?"

"ಕಾರ್ಪೆಟ್ ಅತ್ತೆ. ದೊಡ್ಡೋರ ಮನೇಲಿ ಹಾಕಿಸ್ತಾರೆ."

"ಕುರಿಯಾದ್ರೂ ಮಳೇಲಿ ನೆಂದು ಮೈ ತೊಳ್ಕತದೆ. ಇದು ಹುಟ್ಟಿದ್ಮೇಲೆ ನೀರೇ ಕಂಡಿಲ್ವಲ್ಲೇ!"

ಆಕೆ ನಗಿಸುತ್ತಲೇ ಹೇಳಿದರೂ, ನೀರು ಹಾಕಿ ಒರಸದ ನೆಲದ ಮೇಲೆ ಕೂತು ಉಂಡವಳಲ್ಲ. ಅಡುಗೆಮನೆಯ ನೆಲ ಸಿಮೆಂಟಿನದು. ಅಲ್ಲೇ ಗ್ಯಾಸ್ ಸಿಲಿಂಡರ್ ಪಕ್ಕ ಚಾಪೆ ಹಾಸಿಕೊಂಡಳು. ಬಾ ಎಂದು ಕರೆತಂದವರನ್ನು ಸಿಲಿಂಡರ್ ಪಕ್ಕ ಮಲಗಿಸಿದ್ದು ಆಶಾಳ ಎದೆಗೆ ಚುಚ್ಚುತ್ತಿತ್ತು. ಕಡೆಗೆ ಅವಳೇ ಚಿಕ್ಕನಾಯಕನಹಳ್ಳಿ ಸಂತೆಯಿಂದ ಒಂದು ಕರಿ ಕಂಬಳಿ ತಂದಳು. ಹುಣಸೆಬೀಜದ ಗಂಜಿ ಹಾಕಿದ ಹೊಸ ಕಂಬಳಿ. ಹಲಗೆಯಂತೆ ಸೆಟೆದು ನಿಲ್ಲುತ್ತಿತ್ತು. ಅದನ್ನು ಕಾರ್ಪೆಟ್ಟಿನ ಮೇಲೆ ಹಾಸಿದಳು.

"ಕೂತ್ಕಳಿ ಅತ್ತೆ. ಕಂಬಳಿಗೆ ಮೈಲಿಗೆ ಇಲ್ಲ ಅಂತ ನೀವೇ ಹೇಳ್ತಿದ್ರಲ್ಲ."

ಹೊಂಬಾಳಮ್ಮ ಕೂತಳು. ಅಂಗೈಯಲ್ಲಿ ಸವರಿ ನೋಡಿದಳು. "ಬುಡು ಮತ್ತೆ, ತಿಪಟೂರಲ್ಲಿ ನಂದೂ ಒಂದು ಸೀಮೆ ಆಯ್ತು."

ಅಲ್ಲಿಂದ ಆ ಕಂಬಳಿಯೇ ಮನೆಯ ನಡುಮಧ್ಯ. ಊಟ ಅದರ ಮೇಲೆ, ಆಶಾಳ ತಲೆ ಬಾಚುವುದು ಅದರ ಮೇಲೆ. ಸೋಮವಾರ ಮನೆದೇವರ ವಾರ. ಆವತ್ತು ಅದೇ ಕಂಬಳಿಯ ಮೇಲೆ ಕಳಶವಿಟ್ಟು ಪೂಜೆ. ದೇವರ ಗದ್ದುಗೆಯಾದ ಮೇಲೆ ಅದನ್ನು ಬೇಕೆಂದಾಗ ಎತ್ತಿ ಒದರುವಂತಿಲ್ಲ. ಕಳಶ ಇಡುವ ಮೊದಲು ಜಾಗ ಶುದ್ಧವಾಗಬೇಕು. ಅತ್ತೆ ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಯಾರೂ ಹೇಳದೆಯೇ, ಆಶಾ ಚೊಂಬಿನಲ್ಲಿ ಅರಿಶಿನದ ನೀರು ಕಲಸಿ ಕಂಬಳಿಯ ಮೇಲೆ ಚಿಮುಕಿಸುತ್ತಿದ್ದಳು. ಭಕ್ತಿ ಹೆಚ್ಚಾದಷ್ಟೂ ನೀರೂ ಹೆಚ್ಚು. ಮಣ್ಣಿನ ನೆಲವಾಗಿದ್ದರೆ ಕುಡಿದುಕೊಳ್ಳುತ್ತಿತ್ತು, ಸಿಮೆಂಟಾಗಿದ್ದರೆ ಒಣಗುತ್ತಿತ್ತು. ಕೆಳಗಿರುವುದು ಎರಡೂ ಅಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಹಾಲ್‌ನಲ್ಲಿ ಮುಗ್ಗಲು ವಾಸನೆ ಎದ್ದಿತು. ತಾರಸಿಯಲ್ಲಿ ಒಣಹಾಕಿದ್ದ ಬಟ್ಟೆ ತೆಗೆಯಲು ಮೇಲೆ ಬಂದ ಸರ್ವಮಂಗಳಮ್ಮ ಬಾಗಿಲಲ್ಲೇ ನಿಂತರು.

"ಏನೇ ಇದು, ಕುರಿಗಿರಿ ಕಟ್ಟಿದ್ದೀರಾ ಒಳಗೆ?"

ಬಂದವರೇ ಕಂಬಳಿಯ ಅಂಚು ಹಿಡಿದು ಎತ್ತಿದರು. ಅದು ಏಳಲಿಲ್ಲ. ಗಂಜಿ ಕರಗಿ ಕಾರ್ಪೆಟ್ಟಿಗೆ ಕಚ್ಚಿಕೊಂಡಿತ್ತು. ಜೋರಾಗಿ ಎಳೆದಾಗ ಪರ್ರೆಂದು ಕಿತ್ತು ಬಂತು, ಕಾರ್ಪೆಟ್ಟಿನ ಎಳೆಗಳನ್ನೂ ಹಿಡಿದುಕೊಂಡೇ ಬಂತು. ಕೆಳಗೆ ಕಪ್ಪು ಬೂಷ್ಟು, ಅರಿಶಿನದ ಕಲೆ.

"ಯಾರು ನೀರು ಹುಯ್ದಿದ್ದು?"

ಆಶಾಳ ಕಣ್ಣ ಮುಂದೆ ಬೀದಿ ಬೀದಿ ಮನೆ ಹುಡುಕಿದ್ದೆಲ್ಲ ಬಂತು. ಯೋಚನೆಗಿಂತ ಮುಂಚೆ ನಾಲಿಗೆ ಓಡಿತು.

"ಅತ್ತೆ ಕಣಕ್ಕ. ಹಳ್ಳಿಯೋರು, ಗೊತ್ತಾಗ್ಲಿಲ್ಲ ಅವ್ರಿಗೆ."

ಹೊಂಬಾಳಮ್ಮ ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತಿ ಸೊಸೆಯನ್ನು ನೋಡಿದಳು. ಮತ್ತೆ ಸರ್ವಮಂಗಳಮ್ಮನ ಕಡೆ ತಿರುಗಿ, "ವಯಸ್ಸಾಯ್ತಲ್ಲ ಕಣಮ್ಮ, ಕೈ ಹಿಡ್ತ ತಪ್ಪೋಯ್ತದೆ" ಅಂದಳು.

"ಅಂಥೋರು ಊರಲ್ಲಿರ್ಬೇಕು, ನನ್ನ ಮನೇಲಲ್ಲ. ಈಯಮ್ಮ ಇರೋದಾದ್ರೆ ನೀವು ಬೇರೆ ಮನೆ ನೋಡ್ಕೊಳ್ಳಿ."

ಆಗಲೂ ನಿಜ ಹೇಳಬಹುದಿತ್ತು. ನೀರು ಹುಯ್ದಿದ್ದು ನಾನು ಅಕ್ಕ, ಅವರಲ್ಲ ಅನ್ನುವುದಕ್ಕೆ ಎಷ್ಟು ಉಸಿರು ಬೇಕು? ಆಶಾ ಬಾಯಿ ತೆರೆದಳು. ಬಂದದ್ದು "ಆಯ್ತಕ್ಕ" ಅನ್ನುವ ಮಾತು.

ಸಂಜೆ ಗಂಗರಾಜು ಕೇಳಿ ತಲೆ ಕೆರೆದುಕೊಂಡ. "ಅವ್ವನ್ನ ಅಣ್ಣನ ಮನೇಗೆ ಬುಟ್ಟು ಬತ್ತೀನಿ. ಆಮೇಕೆ ನೋಡನ." ಅವನಿಗೂ ಆಶಾ ನಿಜ ಹೇಳಲಿಲ್ಲ.

ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಅವಳೂ ಹೋದಳು. ಹೊಂಬಾಳಮ್ಮ ಕಂಬಳಿಯನ್ನು ಕಲೆ ಕಾಣದಂತೆ ಒಳಮುಖವಾಗಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು.

"ಅತ್ತೆ, ಆ ನೀರು..."

"ಬಸ್ ಬಂತು ಕಣವ್ವ. ಸೀಟು ಹಿಡೀಬೇಕು, ಬುಡು."

ವಾಸನೆ ಹೋಗಲಿಲ್ಲ. ಕೊನೆಗೆ ತೋಂಟದಾರ್ಯರು ಆಳು ಕರೆಸಿ ಕಾರ್ಪೆಟ್ಟನ್ನು ಪೂರ್ತಿ ಕೀಳಿಸಿ ತಿಪ್ಪೆಗೆ ಹಾಕಿಸಿದರು. ಅಡಿಯಲ್ಲಿ ಹಳೇ ಕಾಲದ ಕೆಂಪು ಗಾರೆ ನೆಲವಿತ್ತು, ಒಂದು ಬಿರುಕೂ ಇಲ್ಲದೆ. ಸರ್ವಮಂಗಳಮ್ಮ ಸೊಂಟದ ಮೇಲೆ ಕೈಯಿಟ್ಟು ನಕ್ಕರು. "ನೋಡೇ ಆಶಾ, ಎಂಥಾ ನೆಲ ಅವಿತ್ಕೊಂಡಿತ್ತು! ಆ ದರಿದ್ರ ಕಾರ್ಪೆಟ್ ಯಾವಾಗ್ಲೋ ಕೀಳಿಸ್ಬೇಕಿತ್ತು."

ಆಶಾ ನಗಲಿಲ್ಲ. ನೆಲವನ್ನು ಎರಡು ಸಲ ಒರಸಿದಳು. ಕರಿಯಪ್ಪನ ಮೊಬೈಲಿಗೆ ಫೋನು ಮಾಡಿ ಅತ್ತೆಯ ಕೈಗೆ ಕೊಡಿಸಿದಳು.

"ಕೆಂಪು ನೆಲ ಅತ್ತೆ. ನೀರು ಹಾಕಿ ಒರಸ್ದೆ. ಬನ್ನಿ, ಓನರ್ ಅಕ್ಕನ್ನ ನಾನು ಒಪ್ಪಿಸ್ತೀನಿ."

"ಚೆಂದಾಗೈತಾ? ಒಳ್ಳೇದಾಯ್ತು ಬುಡು. ಚೆನ್ನಾಗಿ ಒರಸ್ಕಂಡು ಇರಿ. ನಂಗೆ ಇಲ್ಲೇ ಒಗ್ಗೋಗೈತೆ."

ಒಗ್ಗಿಹೋಗಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆಕೆ ಮತ್ತೆ ತಿಪಟೂರಿಗೆ ಬರಲಿಲ್ಲ.

ಮಾಡದ ತಪ್ಪನ್ನು ಹೊಂಬಾಳಮ್ಮ ಯಾಕೆ ಒಪ್ಪಿಕೊಂಡಳು? ಸೊಸೆಯ ಮನೆ ಉಳಿಯಲಿ ಎಂದೇ? ಸ್ನಾನ ಮುಗಿಸಿ ಬಂದು ಆಕೆಯೂ ಒಂದಿಷ್ಟು ನೀರು ಚಿಮುಕಿಸುತ್ತಿದ್ದು, ನಿಜಕ್ಕೂ ತನ್ನದೇ ತಪ್ಪೆಂದು ನಂಬಿದ್ದಳೇ? ಇಲ್ಲ, ಎಲ್ಲ ತಿಳಿದೇ ಸೊಸೆಗೆ ಆ ಶಿಕ್ಷೆ ಕೊಟ್ಟಳೇ? ಆಶಾ ಕೇಳಿಲ್ಲ. ಆಕೆ ಹೇಳಿಲ್ಲ. ಇದನ್ನು ಬರೆದವರಿಗೂ ಗೊತ್ತಿಲ್ಲ.