ಕಡಕ್ ರೊಟ್ಟಿಯ ಡಬ್ಬಿ

ನಿವೇದಿತಾ ದುಂಡನೆಯ ತಗಡಿನ ಡಬ್ಬಿ ತೆರೆದಳು. ಒಳಗೆ ಹದಿನಾಲ್ಕು ಕಡಕ್ ಜೋಳದ ರೊಟ್ಟಿಗಳಿದ್ದವು. ಒಂದೂ ಮುರಿದಿರಲಿಲ್ಲ.

"ಅಪ್ಪಾ, ಇದರಾಗಿನ ಸಿನಿಮಾ ಎಲ್ಲೈತಿ?"

ಮುಚ್ಚಳದ ಚೀಟಿಯಲ್ಲಿ ಒಂದು ಮೂಕಿ ಹಾಸ್ಯಚಿತ್ರದ ಹೆಸರು, 1924, ಎರಡನೇ ರೀಲು ಎಂದಿತ್ತು. ನಿವೇದಿತಾಳಿಗೆ ಆಸ್ಟಿನ್‌ನಲ್ಲಿ ಹಳೆಯ ಫಿಲ್ಮು ಉಳಿಸುವ ಕೆಲಸ. ಮೊದಲ ರೀಲು ಅವಳ ಆಫೀಸಿನಲ್ಲೇ ಇತ್ತು. ಎರಡನೆಯದು ಜಗತ್ತಿನಲ್ಲೇ ಇಲ್ಲವೆಂದು ಎಲ್ಲರೂ ಕೈಬಿಟ್ಟಿದ್ದರು. ಎರಡು ವರ್ಷದ ಹಿಂದೆ ಹತ್ತಿರದ ಟೇಲರ್ ಎಂಬ ಊರಿನಲ್ಲಿ ಥಿಯೇಟರ್ ಮಾಲೀಕನೊಬ್ಬ ಸತ್ತು ಅವನ ಮನೆಯ ಸಾಮಾನು ಮಾರಿದಾಗ, ರೊಟ್ಟಿಗೆ ಅಳತೆ ಸರಿಹೋಗುತ್ತದೆಂದು ಈ ಡಬ್ಬಿಯನ್ನು ಅವಳ ತಾಯಿ ನಿಂಗವ್ವ ರೌಂಡ್ ರಾಕ್‌ನ ಮನೆಗೆ ಹೊತ್ತು ತಂದಿದ್ದಳು.

ನಿವೃತ್ತ ಹೃದಯತಜ್ಞ ಚನ್ನಮಲ್ಲಪ್ಪನವರು ಬೆವೆತರು. "ಹೋದ ತಿಂಗಳು ಗ್ಯಾರೇಜ್ ಕ್ಲೀನ್ ಮಾಡೀನಿ ನೋಡವಾ. ಮೂರು ಚೀಲ ಕಸ ಒಗದೀನಿ."

"ಅದರಾಗ ಏನೇನಿತ್ತು?"

"ಕಸ ಯಾರು ನೋಡ್ತಾರ?"

ನಿಂಗವ್ವ ಗದಗಿನ ಅಕ್ಕ ಗಂಗವ್ವನ ಜೊತೆ ವಿಡಿಯೋ ಕಾಲ್‌ನಲ್ಲಿದ್ದಳು. ಮಗಳು "ಅವ್ವಾ" ಎಂದದ್ದೇ ಕೈಯೆತ್ತಿ ತಡೆದಳು. ಅಕ್ಕನ ಸೊಸೆಯ ಸುದ್ದಿ ಇನ್ನೂ ಅರ್ಧಕ್ಕಿತ್ತು.

ತಂದೆ, ಮಗಳು ಆಗಸ್ಟಿನ ಸೆಕೆಯಲ್ಲಿ ಗ್ಯಾರೇಜ್ ಕೆದಕಿದರು. ಆ ಕಾಲದ ಫಿಲ್ಮು ಸೆಕೆಗೆ ಪುಡಿಯಾಗುತ್ತದೆ, ತಾನಾಗಿಯೇ ಹೊತ್ತಿಕೊಳ್ಳಲೂಬಹುದು ಎಂದು ನಿವೇದಿತಾ ಹೇಳಿದ ಮೇಲೆ ಚನ್ನಮಲ್ಲಪ್ಪನವರು ಬಾಗಿಲ ಹೊರಗೆ ನಿಂತೇ ಹುಡುಕತೊಡಗಿದರು.

ನಲವತ್ತು ನಿಮಿಷದ ಮೇಲೆ ನಿಂಗವ್ವ ಬಂದಳು. "ಏನ್ ಹುಡುಕಾಕತ್ತೀರಿ?"

"ಡಬ್ಬ್ಯಾಗಿನ ಸುರುಳಿ, ಅವ್ವಾ."

"ಅದಾ? ಕರ್ಪೂರದ ವಾಸನಿ ಬರ್ತಿತ್ತು. ಕರ್ಪೂರದ್ದು ಕಸದಾಗ ಹೆಂಗ ಒಗೀಲಿ? ದೇವರ ಮುಂದ ಇಡೂಣಂದ್ರ, ಅದರಾಗ ಯಾವನೋ ದಪ್ಪ ಗಂಡಸು ಪ್ಯಾಂಟ್ ಇಲ್ಲದ ಓಡಾಕತ್ತಾನ. ಏನ್ ಮಾಡ್ಬೇಕು ತಿಳೀಲಿಲ್ಲ. ಫ್ರೀಜರ್‌ನಾಗ ಇಟ್ಟೀನಿ."

ತುರಿದ ಕೊಬ್ಬರಿ, ಕರಿಬೇವುಗಳ ನಡುವೆ, ಮೂರು ಪ್ಲಾಸ್ಟಿಕ್ ಚೀಲಗಳೊಳಗೆ ರೀಲು ತಣ್ಣಗೆ ಕೂತಿತ್ತು. ಮೇಲೆ ನಿಂಗವ್ವನ ಅಕ್ಷರ: 'ತಿನ್ನಬಾರದು'.

ನಿವೇದಿತಾ ಚೀಲದ ಮೇಲಿನ ಹಿಮ ಒರೆಸಿದಳು. "ಎರಡು ವರ್ಷ! ನಮ್ಮ ಆಫೀಸಿನಾಗೂ ಹಿಂಗಽ ಥಂಡ್ಯಾಗ ಇಡ್ತೀವಿ."

"ಇದರಾಗ ಮಾತಿಲ್ಲೇನು?" ಚನ್ನಮಲ್ಲಪ್ಪನವರು ಇಣುಕಿದರು. "ಹಂಗಾರ ನಿಮ್ಮವ್ವ ಹತ್ತು ನಿಮಿಷ ಹೆಂಗ ಕುಂತು ನೋಡ್ತಾಳ?"

"ನೀವು ಸುಮ್ನ ಕಾರು ತಗೀರಿ," ಎಂದಳು ನಿಂಗವ್ವ.

ಕಾರು ಆಸ್ಟಿನ್ ಕಡೆ ಗಂಟೆಗೆ ನಲವತ್ತೇ ಮೈಲಿ ವೇಗದಲ್ಲಿ ಹೊರಟಿತು. ಹಿಂದೆ ಟ್ರಕ್ಕುಗಳು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದವು. ಹಿಂದಿನ ಸೀಟಿನಲ್ಲಿ ರೀಲಿದ್ದ ಐಸ್ ಬಾಕ್ಸಿಗೆ ಬೆಲ್ಟ್ ಹಾಕಿತ್ತು. ಪೂರ್ತಿ ಬಿಟ್ಟ ಎಸಿಯ ಗಾಳಿಗೆ ಪಕ್ಕದಲ್ಲಿ ನಿವೇದಿತಾ ಅಪ್ಪನ ಉಣ್ಣೆಯ ಕೋಟು ತೊಟ್ಟು, ಬಾಕ್ಸಿನ ಮುಚ್ಚಳದ ಮೇಲೆ ಅಂಗೈಯೂರಿ ಕೂತಿದ್ದಳು.