ಹೆಗಲು ಕೊಟ್ಟವರ ಕಾಲು

ನಾಗಪ್ಪ ಚಪ್ಪಲಿ ಕಳಚಿ ಬದಿಗೆ ಸರಿಸಿ, ಶವದ ವಿಮಾನದ ಮುಂದಿನ ಬಿದಿರಿಗೆ ಹೆಗಲು ಕೊಟ್ಟದ್ದೇ ತಡ, ಶೈಲಶ್ರೀ ಅಳುವುದನ್ನು ಅರ್ಧಕ್ಕೇ ಬಿಟ್ಟು ಕೂಗಿದಳು.

“ಕಾಕಾ, ಚಪ್ಪಲಿ ಹಾಕ್ಕೊರಿ!”

ಭಜನೆಯವರ ತಾಳ ತಪ್ಪಿತು. ಚೆಂಡುಹೂವು, ಬಾಳೆಕಂಬಗಳಿಂದ ಸಿಂಗರಿಸಿದ ವಿಮಾನದಲ್ಲಿ ಅವಳ ತಾಯಿ ಶೇಖವ್ವನನ್ನು ಕೂಡಿಸಿದ್ದರು. ಹಣೆಯ ತುಂಬ ವಿಭೂತಿ. ಹಿಂದಿನ ದಿನ ಮಧ್ಯಾಹ್ನ ಎಮ್ಮೆಗೆ ನೀರಿಟ್ಟು ಬಂದು ಗೋಡೆಗೊರಗಿದವಳು ಮತ್ತೆ ಎದ್ದಿರಲಿಲ್ಲ. ಅರವತ್ತೆಂಟು ವರ್ಷ. ತಿಳವಳ್ಳಿಯ ಅರ್ಧ ಊರೇ ಓಣಿಯಲ್ಲಿ ನಿಂತಿತ್ತು. ಬಿಸಿಲೇರಿದ್ದರೂ ಡಿಸೆಂಬರಿನ ಚಳಿ ಬಿಟ್ಟಿರಲಿಲ್ಲ.

“ಹೆಗಲು ಕೊಡೋರು ಚಪ್ಪಲಿ ಹಾಕ್ಕೊಂತಾರೇನವ್ವಾ?” ಎಂದ ನಾಗಪ್ಪ. ಎದುರು ಮನೆಯವನು, ಹಿಟ್ಟಿನ ಗಿರಣಿ ಇಟ್ಟುಕೊಂಡವನು. “ಈ ಕಾಲು ಉಳಿಸಿಕೊಟ್ಟಾಕಿ ಅಕಿ. ಬರಿಗಾಲಿಲೆ ಹೊರತೇನಿ.”

“ಉಳಿಸಿದ್ದು ಹಿಂಗ ಹಾಳು ಮಾಡ್ಕೊಳ್ಳಾಕಲ್ಲ! ಹೊಲದ ತುಂಬ ಗೋವಿನಜೋಳ ಕೊಯ್ದ ಕೂಳಿ ಅದಾವು, ಒಂದೊಂದೂ ಚೂರಿ ಇದ್ದಂಗ. ಚುಚ್ಚಿದ್ರ ನಿಮಗ ಗೊತ್ತರ ಆಗತೈತೇನು?”

ಗುದ್ಲೆಪ್ಪ ಕೋಲು ಕುಟ್ಟಿದ. ಊರಲ್ಲಿ ಯಾರನ್ನು ಮಣ್ಣು ಮಾಡುವುದಿದ್ದರೂ ಕ್ರಮ ಹೇಳುವ ಹಿರಿಯ ಅವನೇ. “ಎಪ್ಪತ್ತಾರು ವರ್ಷದಾಗ ಚಪ್ಪಲಿ ಮೆಟ್ಟಿ ಹೆಗಲು ಕೊಟ್ಟೋರನ್ನ ನಾ ನೋಡಿಲ್ಲ. ನೋಡೂದೂ ಇಲ್ಲ. ಎತ್ರಿ!”

ಶೈಲಶ್ರೀ ನಾಗಪ್ಪನ ಚಪ್ಪಲಿಗಳನ್ನು ಎತ್ತಿಕೊಂಡು ಓಡಿಹೋಗಿ ಓಣಿಯ ನಟ್ಟನಡುವೆ ಕುಳಿತುಬಿಟ್ಟಳು.

“ಇವು ಕಾಕಾನ ಕಾಲಿಗೆ ಏರೂತನಕ ಅವ್ವ ಈ ಓಣಿ ದಾಟಂಗಿಲ್ಲ.”

*

ಹನ್ನೊಂದು ವರ್ಷದ ಹಿಂದೆ, ಇಂಥದೇ ಚಳಿಯ ಒಂದು ಬೆಳಗ್ಗೆ, ಶೇಖವ್ವನ ಗಂಡ ಫಕ್ಕೀರಪ್ಪ ಅಂಗಳದಲ್ಲಿ ಬೆಂಕಿ ಕಾಯಿಸುತ್ತ ಕುಳಿತಿದ್ದ. ಸಕ್ಕರೆ ಕಾಯಿಲೆ ಅವನ ಪಾದಗಳ ಅರಿವನ್ನು ಯಾವಾಗಲೋ ತಿಂದುಹಾಕಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಶೇಖವ್ವನಿಗೆ ಚರ್ಮ ಸುಟ್ಟ ವಾಸನೆ ಬಂತು. ಹೊರಗೋಡಿ ಬಂದರೆ, ಗಂಡ ಕೆಂಡದ ಅಂಚಿಗೆ ಅಂಗಾಲೂರಿ, ಹಾದಿಯಲ್ಲಿ ಹೋಗುವವರೊಡನೆ ನಗುತ್ತ ಮಾತಾಡುತ್ತಿದ್ದ. ಹುಬ್ಬಳ್ಳಿಯಲ್ಲಿ ಪಾದ ತೆಗೆದರು. ಯುಗಾದಿಯ ಹೊತ್ತಿಗೆ ಅವನೂ ಹೋದ.

ಮರುವರ್ಷ ಚಳಿ ಬೀಳುತ್ತಲೇ ಶೇಖವ್ವ ಬೆಳಗಾಗೆದ್ದು ಊರ ಕಟ್ಟೆಯ ಬಳಿ ಬೆಂಕಿ ಕಾಯಿಸುವವರ ನಡುವೆ ಹೋಗಿ ನಿಲ್ಲತೊಡಗಿದಳು.

“ಕಾಲು ಹಿಂದಕ್ಕ ತಗಿ, ನಾಗಪ್ಪ.”

“ನಾ ಬೆಚ್ಚಗ ಕುಂತ್ರ ನಿನಗೇನು ತ್ರಾಸು, ಯಕ್ಕಾ?”

“ಅಂಗಾಲು ತೋರ್ಸು.”

“ಊರ ಮುಂದ ನನ್ನ ಕಾಲು ಹಿಡೀತಿಯೇನು? ಹೋಗತ್ತ!”

ಅವಳು ಹಿಡಿದೇ ಬಿಟ್ಟಳು. ಒಡೆದ ಹಿಮ್ಮಡಿಯ ಸೀಳಿನೊಳಗೆ ಮುರಿದ ದಬ್ಬಣದ ತುದಿ ಹೂತಿತ್ತು, ಸುತ್ತಲೂ ಕೀವು. ಗಿರಣಿಯಲ್ಲಿ ಚೀಲ ಹೊಲಿಯುವ ದಬ್ಬಣ ಮುರಿದು ಮೂರು ದಿನವಾಗಿತ್ತು. ಮೂರೂ ದಿನ ನಾಗಪ್ಪ ಅದರ ಮೇಲೇ ನಡೆದಾಡಿದ್ದ. ಕಟ್ಟೆಯ ಮೇಲಿನ ನಗು ನಿಂತುಹೋಯಿತು. ಶೇಖವ್ವ ಆಗಿಂದಾಗಲೇ ಅವನನ್ನು ಬಸ್ಸು ಹತ್ತಿಸಿ ಹಾನಗಲ್ಲಿನ ಡಾಕ್ಟರರ ಬಳಿ ಕರೆದೊಯ್ದಳು. ಅವನಿಗೂ ಅದೇ ಸಕ್ಕರೆ ಕಾಯಿಲೆ.

ಅಲ್ಲಿ ಕೇಳಿಸಿಕೊಂಡದ್ದನ್ನು ಅವಳು ಪ್ರತಿ ಚಳಿಗಾಲ ಮನೆಮನೆಗೆ ಹೋಗಿ ಹೇಳಿದಳು. “ನೀರು ಎಷ್ಟು ಬಿಸಿ ಅದಾವು ಅಂತ ಮೊಣಕೈಲೆ ನೋಡ್ರಿ, ಕಾಲಿಲೆ ಅಲ್ಲ. ಬೆರಳ ಸಂದಿ ಒರಸ್ರಿ. ಎಣ್ಣಿ ಹಿಮ್ಮಡಿಗೆ ಅಷ್ಟ, ಸಂದಿಗೆ ಬ್ಯಾಡ. ಮನಿಯೊಳಗೂ ಬರಿಗಾಲು ಬ್ಯಾಡ. ದಿನಾ ಕನ್ನಡಿ ನೆಲಕ್ಕಿಟ್ಟು ಅಂಗಾಲು ನೋಡ್ಕೊರಿ. ನಿಮ್ಮ ಕಾಲು ತಾನಾಗಿ ನಿಮಗೇನೂ ಹೇಳಂಗಿಲ್ಲ, ನೀವ ಕೇಳಬೇಕು.”

ಅವಳು ಬರುವುದನ್ನು ಕಂಡು ಕಂಬಳಿಯೊಳಗೆ ಕಾಲೆಳೆದುಕೊಳ್ಳುವವರೂ ಇದ್ದರು.

*

“ಏಳವ್ವಾ ಶೈಲಾ, ಹೊತ್ತಾತು.” ನಾಗಪ್ಪ ಕೈಮುಗಿದ. “ಅಕಿಗೆ ನಾ ಇನ್ನೇನು ಮಾಡಾಕ ಸಾಧ್ಯ ಐತಿ? ಇದೊಂದರ ಮಾಡಾಕ ಬಿಡು.”

“ಅಕಿ ನಿಮ್ಮನ್ನ ಕೇಳಿದ್ದು ಒಂದ ಮಾತಲ್ಲೇನ್ರಿ, ಕಾಕಾ? ಅದನ್ನ ನಡಸ್ರಿ.”

ಗುಂಪಿನಲ್ಲಿ ಗದ್ದಲವೆದ್ದಿತು. “ಹಾಕ್ಕೊ ನಾಗಪ್ಪ!” “ಏ, ಬ್ಯಾಡ ಬ್ಯಾಡ!” “ಹೆತ್ತ ಮಗಳ ಹೇಳಾಕತ್ತಾಳ, ನಿಮ್ದೇನ್ರಿ ನಡುವ?”

ಇನ್ನೊಂದು ಬಿದಿರು ಹಿಡಿದಿದ್ದ ಶೈಲಶ್ರೀಯ ತಮ್ಮ ಲೋಹಿತ ಕತ್ತು ತಿರುಗಿಸಿದ. “ಹಾಕ್ಕೊಂಡು ಬಿಡ್ರಿ, ಕಾಕಾ,” ಎಂದ. “ಇಲ್ಲಾಂದ್ರ ಅವ್ವ ಇಲ್ಲಿಂದನ ಇಳಿದು ಬಂದು ನಿಮ್ಮ ಕಾಲು ಹಿಡೀತಾಳ.”

ಯಾರೋ ಕಿಸಕ್ಕೆಂದರು. ಮರುಗಳಿಗೆ ಓಣಿಗೆ ಓಣಿಯೇ ನಕ್ಕಿತು, ಕಣ್ಣೊರೆಸಿಕೊಳ್ಳುತ್ತಲೇ. ನಾಗಪ್ಪ ಬಿದಿರು ಬಿಟ್ಟು ಅವಳ ಬಳಿ ಬಂದು ಕಾಲು ಮುಂದಿಟ್ಟ. ಶೈಲಶ್ರೀ ಕುಳಿತಲ್ಲೇ ಎರಡೂ ಚಪ್ಪಲಿ ಹಾಕಿ ಪಟ್ಟಿ ಬಿಗಿದಳು.

ಅವನು ಮತ್ತೆ ಹೆಗಲು ಕೊಟ್ಟಾಗ “ಎತ್ರಿ!” ಎಂದು ಅವಳೇ ಕೂಗಿದಳು. ಹಲಗೆ ವಾದ್ಯ ಗುಡುಗಿತು. ವಿಮಾನ ಒಂದೇ ಸಲಕ್ಕೆ ಮೇಲೆದ್ದು ಜನರ ತಲೆಗಳ ಮೇಲೆ ತೂಗುತ್ತ ಹೊರಟಿತು.

“ನಾನರ ಪದ್ಧತಿ ಉಳಸ್ತೇನಿ,” ಎಂದು ಗೊಣಗಿದ ಗುದ್ಲೆಪ್ಪ ಕೋಲೂರುತ್ತ ಎಲ್ಲರಿಗಿಂತ ಮುಂದೆ ಬರಿಗಾಲಲ್ಲಿ ದಾಪುಗಾಲು ಹಾಕಿದ. ಹೊಲ ಹೊಕ್ಕ ಮೇಲೆ ಎಲ್ಲರ ಕಣ್ಣೂ ನಾಗಪ್ಪನ ಪಾದಗಳ ಮೇಲೇ ಇತ್ತು. “ಸಾವಕಾಶ ಕಾಕಾ, ಅಲ್ಲಿ ಕೂಳಿ! ಎಡಕ್ಕ ಬರ್ರಿ!” ಎಂದು ಹುಡುಗರು ದಾರಿ ತೋರಿಸಿದರು. ಉಳಿದ ಯಾರ ಕಾಲನ್ನೂ ಯಾರೂ ನೋಡಲಿಲ್ಲ.

ಶೇಖವ್ವನನ್ನು ಕುಣಿಯೊಳಗೆ ಇಳಿಸಿ ಕೂಡಿಸಿದರು. ಅಯ್ಯನವರು ಬಿಲ್ವಪತ್ರೆ ಏರಿಸಿ ಮಂತ್ರ ಮುಗಿಸಿದರು. ಮಣ್ಣು ಹಿಡಿಯಲು ಬಾಗಿದ ನಾಗಪ್ಪ ಹಾಗೆಯೇ ನಿಂತುಬಿಟ್ಟ. ಒಣಗಿದ ಜೋಳದೆಲೆಯ ರವದಿಯ ಮೇಲೆ ಕೆಂಪು ಕಲೆಗಳು. ಒಂದರ ಹಿಂದೊಂದು. ಅವು ಹೋಗಿ ಗುದ್ಲೆಪ್ಪನ ಬಲಗಾಲಡಿ ಮುಗಿದಿದ್ದವು.

“ಗುದ್ಲೆಪ್ಪಣ್ಣ, ಕಾಲೆತ್ತು.”

“ಈಗೇನು ಹೊಸಾದು ನಿಂದು?”

“ಎತ್ತಂದ್ನೆಲ್ಲ!”

ಕೂಳೆಯ ಸಿಬಿರೊಂದು ಅಂಗಾಲಿನಲ್ಲಿ ಆಳಕ್ಕಿಳಿದು ಮುರಿದಿತ್ತು. ಗುದ್ಲೆಪ್ಪ ಬೇರೆ ಯಾರದೋ ಕಾಲನ್ನು ನೋಡುವವನಂತೆ ಅದನ್ನು ನೋಡಿದ.

“ಚುಚ್ಚಿದ್ದು... ನನಗ ಗೊತ್ತಾಗ್ಲೇ ಇಲ್ಲಲ್ಲೋ, ನಾಗಪ್ಪ.”

ಹಲಗೆಯವರು ಕೈ ನಿಲ್ಲಿಸಿದರು.

“ಹತ್ತು ಚಳಿಗಾಲ ಅವ್ವ ನಿಮ್ಮನ್ನ ಕೇಳಿದ್ಲು, ಅಜ್ಜ. ಅಂಗಾಲು ತೋರಿಸ್ರಿ ಅಂತ,” ಎಂದಳು ಶೈಲಶ್ರೀ. ಬೈಗುಳದ ದನಿಯಲ್ಲ ಅದು.

“ಕೇಳಿದ್ಲವ್ವ.”

ನಾಗಪ್ಪ ಅವನನ್ನು ಬದುವಿನ ಮೇಲೆ ಕೂಡಿಸಿ ಕಾಲನ್ನು ತನ್ನ ತೊಡೆಯ ಮೇಲೆಳೆದುಕೊಂಡ. ಯಾರೋ ಸಿಬಿರು ಕೀಳಲು ಬಂದರು. “ಮುಟ್ಟಬ್ಯಾಡ್ರಿ! ಡಾಕ್ಟರ್ ತಗೀಲಿ,” ಎಂದು ಗದರಿಸಿ, ಹೆಗಲ ಮೇಲಿನ ತೊಳೆದ ವಲ್ಲಿಯನ್ನು ಸಡಿಲಾಗಿ ಸುತ್ತಿದ. “ಈಗಿಂದೀಗ ಹಾನಗಲ್ಲಿಗೆ. ಈ ಕಾಲು ನೆಲಕ್ಕ ಊರಂಗಿಲ್ಲ ನೀನು.”

“ಮಣ್ಣು ಕೊಟ್ಟ ಬರ್ತೇನಿ.”

ಲೋಹಿತ ಅವನ ಮುಂದೆ ಬೆನ್ನು ಬಾಗಿಸಿದ. ಊರಿಗೆ ಕ್ರಮ ಹೇಳುವ ಮುದುಕ, ತಾಯಿಯನ್ನು ಹೊತ್ತು ಬಂದವನ ಬೆನ್ನೇರಿ ಕುಣಿಯ ಅಂಚಿಗೆ ಬಂದು, ಅಲ್ಲಿಂದಲೇ ಮಣ್ಣು ಹಾಕಿದ.

“ಗಾಡಿ ತರ್ರಿ, ಗಾಡಿ!” ಎಂದು ಕೂಗುತ್ತ ನಾಗಪ್ಪ ರಸ್ತೆಯ ಕಡೆಗೆ ಓಡಿದ. ಲೋಹಿತ ಗುದ್ಲೆಪ್ಪನನ್ನು ಹೊತ್ತು ಕೂಳೆಗಳನ್ನು ದಾಟುತ್ತ ಬಿರಬಿರನೆ ಹಿಂದೆ ನಡೆದ. ಪಕ್ಕದಲ್ಲಿ ಹೆಜ್ಜೆ ಹಾಕುತ್ತಿದ್ದ ಶೈಲಶ್ರೀ ವಲ್ಲಿ ಸುತ್ತಿದ ಕಾಲನ್ನು ಬಾಗಿ ನೋಡಿದಳು. ತೋರಿಸಿರೆಂದು ಕೇಳಲಿಲ್ಲ. ಗುದ್ಲೆಪ್ಪ ತಾನಾಗಿಯೇ ಇನ್ನೊಂದು ಕಾಲನ್ನು ಹೊರಕ್ಕೆ ಚಾಚಿ, ಅಂಗಾಲನ್ನು ಅವಳ ಕಡೆಗೆ ತಿರುಗಿಸಿ ಹಿಡಿದ.