ಮೊದಲ ಪುಟದ ಕುಂಕುಮ

ನಮ್ಮದು ಇಬ್ಬರು ವಿಧವೆಯರ ಮನೆ. ಅತ್ತೆ ಬಾಳವ್ವ, ಸೊಸೆ ನಾನು. ಖಾನಾಪುರದ ಸ್ಟೇಷನ್ ರಸ್ತೆಯಲ್ಲಿ ಎರಡು ಖೋಲಿ, ಒಂದು ಪಡಸಾಲೆ, ಪಡಸಾಲೆಯ ಗೋಡೆಯಲ್ಲೊಂದು ಗೂಡು. ಆ ಗೂಡಿನಲ್ಲಿ ಹಿತ್ತಾಳೆಯ ಕುಂಕುಮದ ಡಬ್ಬಿ. ಅದು ಎಂದೂ ಖಾಲಿಯಾಗಲು ಅತ್ತೆ ಬಿಡುತ್ತಿರಲಿಲ್ಲ. ಸಂತೆಯಿಂದ ತಂದ ಪುಡಿಕೆ ಬಿಚ್ಚಿ ಮೇಲಿನಿಂದಲೇ ಸುರಿಯುತ್ತಿದ್ದರು, ಬೆರಳು ತಾಗಿಸುತ್ತಿರಲಿಲ್ಲ.

ಮನೆಗೆ ಬಂದ ಮುತ್ತೈದೆಯನ್ನು ಕುಂಕುಮವಿಲ್ಲದೆ ಕಳಿಸುವುದು ರೀತಿಯಲ್ಲ. ನಮ್ಮ ಕೈಯಿಂದ ಹಚ್ಚುವುದೂ ರೀತಿಯಲ್ಲ. ಹೀಗಾಗಿ ಯಾರಾದರೂ ಹೊರಡಲು ಎದ್ದರೆ ಅತ್ತೆ ಗೂಡಿನ ಕಡೆ ಕೈ ಮಾಡಿ, “ಅಲ್ಲೈತಿ ನೋಡವಾ, ನೀನ ಹಚ್ಚಿಕೋ” ಅನ್ನುತ್ತಿದ್ದರು. ಬಂದವಳು ತಾನೇ ಡಬ್ಬಿ ತೆಗೆದು ತಾನೇ ಹಚ್ಚಿಕೊಂಡು ಹೋಗುತ್ತಿದ್ದಳು. ಊರಲ್ಲಿ ನಮ್ಮಂಥ ಮನೆಗಳಲ್ಲೆಲ್ಲ ಇದೇ ರೂಢಿ. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಆದರೆ ಅತ್ತೆಯ ಎದುರು ಬಾಯಿ ತೆರೆಯುತ್ತಿರಲಿಲ್ಲ. ಗಂಡ ಹೋದ ಮೇಲೆ ಬಂಧುಗಳೆಲ್ಲ ನನ್ನನ್ನು ತವರಿಗೆ ಅಟ್ಟಿರೆಂದಾಗ, ತನ್ನ ಬಂಗಾರದ ಪಾಟಲಿ ಬಳೆ ಮಾರಿ ನನ್ನನ್ನು ಟ್ರೇನಿಂಗಿಗೆ ಕಳಿಸಿ ಮಾಸ್ತರಿಕೆ ಹಿಡಿಸಿದವರು ಅವರು. ಅಂಥವರ ಮೇಲೆ ಯಾವ ಬಾಯಿಂದ ಸಿಟ್ಟು ಮಾಡಲಿ?

ನನ್ನ ಮೊದಲ ಪುಸ್ತಕ ಅಚ್ಚಾದದ್ದು ಎಪ್ಪತ್ತೊಂಬತ್ತರಲ್ಲಿ. ನಮ್ಮೂರಿನ ಹಂಚಿನ ಕಾರ್ಖಾನೆಗಳಲ್ಲಿ ಮಣ್ಣು ತುಳಿಯುವ, ಹಸಿ ಹಂಚು ಹೊರುವ ಹೆಣ್ಣುಮಕ್ಕಳ ಕಥೆಗಳು. ಅವರ ಮಕ್ಕಳು ನನ್ನ ಶಾಲೆಯಲ್ಲಿ ಕಲಿಯುತ್ತಿದ್ದರು. ಮಧ್ಯಾಹ್ನ ಬುತ್ತಿ ಕೊಡಲು ಬಂದವರು ಬಾಗಿಲಲ್ಲಿ ನಿಂತು ಆಡಿದ ಮಾತನ್ನೇ ನಾನು ಮನೆಗೆ ತಂದು ಬರೆಯುತ್ತಿದ್ದೆ. ಪುಸ್ತಕ ಓದಿ ಒಬ್ಬಿಬ್ಬರು ಕಾಗದ ಬರೆದರು. ಆಮೇಲೆ ಒಂದು ಭಾನುವಾರ ಬೆಳಗಾವಿಯಿಂದ ಗುರುಪುತ್ರಪ್ಪ ಸಾವಕಾರರು ಹೆಂಡತಿಯೊಡನೆ ನಮ್ಮ ಮನೆ ಹುಡುಕಿಕೊಂಡು ಬಂದರು.

ಸಾವಕಾರರಿಗೆ ಬೆಳಗಾವಿಯ ಶಹಾಪುರ ಪೇಟೆಯಲ್ಲಿ ಸೀರೆ ಅಂಗಡಿ. ಖಾಸಬಾಗದ ಕಡೆಯ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಅವರು ವಾಚಕರ ಬಳಗ ಕಟ್ಟಿದ್ದರು, ಅದಕ್ಕೆ ಅವರೇ ಕಾರ್ಯದರ್ಶಿ. ಗ್ರಂಥಾಲಯದ ಹೆಸರು ನಾನು ಹೇಳುವುದಿಲ್ಲ, ಅದರದೇನೂ ತಪ್ಪಿಲ್ಲ. ತಿಂಗಳಿಗೊಬ್ಬ ಲೇಖಕನನ್ನು ಕರೆಸುವುದು, ಅವನ ಮಾತು ಕೇಳುವುದು, ಆಮೇಲೆ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವುದು ಬಳಗದ ಕೆಲಸ. ಅಲ್ಲಿಯವರೆಗೆ ಬಂದವರೆಲ್ಲ ಗಂಡಸರೇ. ಹೆಂಗಸು ಅಂತ ನಾನೇ ಮೊದಲನೆಯವಳು ಎಂದು ಸಾವಕಾರರು ದೊಡ್ಡ ಮನಸ್ಸು ಮಾಡಿದವರ ಮುಖ ಮಾಡಿಕೊಂಡು ಹೇಳಿದರು.

ಆಮಂತ್ರಣ ಪತ್ರಿಕೆ ಕೈಗೆ ಕೊಟ್ಟರು. ನನ್ನ ಹೆಸರಿನ ಮುಂದೆ ‘ಗಂ.ಭಾ.’ ಎಂದು ಅಚ್ಚಾಗಿತ್ತು. ನಮ್ಮ ಸೀಮೆಯಲ್ಲಿ ಗಂಡನಿದ್ದವಳು ‘ಸೌ.’, ಇಲ್ಲದವಳು ‘ಗಂ.ಭಾ.’, ಅಂದರೆ ಗಂಗಾ ಭಾಗೀರಥಿ. ಕೇಳಲು ಎಷ್ಟು ಪವಿತ್ರ ನೋಡಿ! ಗಂಡು ಮಾತ್ರ ಹುಟ್ಟಿನಿಂದ ಸಾಯುವವರೆಗೆ ‘ಶ್ರೀ’. ನಾನು ಜಂಪರಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು ಅವರ ಎದುರಿಗೇ ಆ ಎರಡಕ್ಷರ ಹೊಡೆದುಹಾಕಿದೆ. ಪುಸ್ತಕದ ಮೇಲೆ ಹೇಗಿದೆಯೋ ಹಾಗೇ ಇರಲಿ, ಬರೇ ಗೌರವ್ವ, ಎಂದೆ. ಸಾವಕಾರರು ಚಹಾದ ಬಸಿಯೊಳಗೆ ಮುಖ ಹಾಕಿದರು. ಅವರ ಹೆಂಡತಿ ಕಾಂತಾ ಮಾತ್ರ ನನ್ನ ಪೆನ್ನನ್ನೇ ನೋಡುತ್ತಿದ್ದಳು. ಗಂಡನಿಗಿಂತ ಹತ್ತು ಹನ್ನೆರಡು ವರ್ಷ ಸಣ್ಣವಳು, ಎರಡನೆಯ ಸಂಬಂಧ. ಹಣೆಯ ಮೇಲೆ ರೂಪಾಯಿಯಗಲ ಕುಂಕುಮ.

ಚಹಾ ಮುಗಿದ ಮೇಲೆ ಸಾವಕಾರರು ಮೆಲ್ಲಗೆ ಕುಂಕುಮದ ವಿಷಯ ತೆಗೆದರು. ಬಳಗದಲ್ಲಿ ಹೆಚ್ಚಿನವರು ಶಹಾಪುರದ ವ್ಯಾಪಾರಸ್ಥರು, ಮಗ್ಗದ ಮಾಲಕರು. ದೀಪಾವಳಿಗೆ ಹೊಸ ಲೆಕ್ಕದ ಕೀರ್ದಿಗೆ ಕುಂಕುಮ ಹಚ್ಚಿ ರೂಢಿಯಾದ ಕೈಗಳು. ಗ್ರಂಥಾಲಯಕ್ಕೆ ಬರುವ ಹೊಸ ಪುಸ್ತಕಕ್ಕೂ ಹಾಗೇ ಮಾಡುತ್ತ ಬಂದಿದ್ದರು. ಮಾತು ಮುಗಿದ ಮೇಲೆ ಲೇಖಕನೇ ಮೊದಲ ಪುಟದ ಮೂಲೆಗೆ ಕುಂಕುಮ ಹಚ್ಚಿ ಅದರ ಕೆಳಗೆ ಸಹಿ ಹಾಕಬೇಕು. ಆ ಪ್ರತಿ ಗಾಜಿನ ಕಪಾಟಿಗೆ ಸೇರಬೇಕು, ಓದುಗರಿಗೆ ಕೊಡುವುದು ಅಲ್ಲಿಂದಲೇ. ಉಳಿದವರ ಪುಸ್ತಕಗಳಿಗೆ ಸಹಿ ಅದಾದ ಮೇಲೆಯೇ. ಹೋದ ವರ್ಷ ಕಾದಂಬರಿಕಾರ ಈರಯ್ಯನವರು ಹಚ್ಚಿದ್ದನ್ನೂ, ತಾವೇ ತಮ್ಮ ಕವಿತೆಗಳಿಗೆ ಹಚ್ಚಿದ್ದನ್ನೂ ಸಾವಕಾರರು ಹೇಳಿದರು.

“ನಿಮಗ ತ್ರಾಸ ಬ್ಯಾಡ ಅಕ್ಕಾರ,” ಎಂದರು ಸಾವಕಾರರು. “ಕುಂಕುಮ ಕಾಂತಾ ಹಚ್ಚತಾಳ. ನೀವು ಬರೇ ಸಹಿ ಮಾಡ್ರಿ.”

ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅವರು ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡರು. ಅಕ್ಕಾರರು, ಅಂದರೆ ನಮ್ಮಂಥ ಮಾಸ್ತರಿಣಿಯರು, ಸುಮ್ಮನಿದ್ದರೆ ಏನರ್ಥ ಎಂಬುದು ಶಾಲೆಯ ಹುಡುಗರಿಗೆ ಗೊತ್ತು, ಸಾವಕಾರರಿಗೆ ಗೊತ್ತಿರಲಿಲ್ಲ. ಹೊರಡುವಾಗ ಅತ್ತೆ ಎಂದಿನಂತೆ ಗೂಡಿನ ಕಡೆ ಕೈ ಮಾಡಿದರು. ಕಾಂತಾ ಡಬ್ಬಿ ತೆಗೆದಳು, ನನ್ನ ಕಡೆ ಒಮ್ಮೆ ನೋಡಿದಳು, ಆಮೇಲೆ ಗೋಡೆಯ ಕಡೆ ಮುಖ ಮಾಡಿ ತಾನೇ ಹಚ್ಚಿಕೊಂಡಳು.

ಅವರು ಹೋದ ಮೇಲೆ ಅತ್ತೆ ನನ್ನನ್ನು ಕೂರಿಸಿಕೊಂಡರು. ನನ್ನ ಹೊಟ್ಟೆಯೊಳಗಿನದು ಅವರಿಗೆ ಗೊತ್ತಾಗದೆ ಹೋದದ್ದಿಲ್ಲ. “ಕುಂಕುಮದ ತಂಟೆಕ ಹೋಗಬ್ಯಾಡ ಗೌರಾ. ನಿನ್ನ ಪುಸ್ತಕ ಆ ಕಪಾಟಿನಾಗ ಹೋಗೂದು ದೊಡ್ಡದು. ಯಾರ ಹಚ್ಚಿದರೇನು, ಹೋಗಲಿ,” ಎಂದರು.

ಅವರ ಮಾತು ಸುಳ್ಳಲ್ಲ. ಕಪಾಟಿಗೆ ಹೋಗುವುದು ನನಗೆ ಬೇಕಾಗಿತ್ತು, ಬಹಳ ಬೇಕಾಗಿತ್ತು. ಪುಸ್ತಕ ಕೊಂಡು ಓದುವವರು ಎಷ್ಟು ಜನ? ಗ್ರಂಥಾಲಯಕ್ಕೆ ಸೇರಿದರೆ ಯಾರೋ ಗುರುತಿಲ್ಲದ ಹೆಣ್ಣುಮಗಳು ಅದನ್ನು ಮನೆಗೊಯ್ದು ಒಲೆಯ ಮುಂದೆ ಕೂತು ಓದುತ್ತಾಳೆ. ನಾನು ಬರೆದದ್ದೇ ಅವಳಿಗಾಗಿ. ಆದರೆ ನನ್ನ ಬೆರಳು ಹೊಲಸು ಎಂದು ಒಪ್ಪಿಕೊಂಡು ಕಪಾಟು ಸೇರಿದ ಪುಸ್ತಕ ಅವಳಿಗೆ ಏನು ಹೇಳೀತು?

ಕಾರ್ಯಕ್ರಮದ ದಿನ ಅತ್ತೆಯೂ ನಾನೂ ಪ್ಯಾಸೆಂಜರ್ ಗಾಡಿ ಹಿಡಿದು ಬೆಳಗಾವಿಗೆ ಹೋದೆವು. ಗ್ರಂಥಾಲಯದ ಓದುವ ಕೋಣೆಯಲ್ಲಿ ಮೇಜುಗಳನ್ನೆಲ್ಲ ಗೋಡೆಗೆ ಒತ್ತಿ ಜಮಖಾನೆ ಹಾಸಿದ್ದರು. ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ. ಬಾಗಿಲಲ್ಲಿ ಕಾಂತಾ ತಾಟು ಹಿಡಿದು ಬಂದ ಹೆಂಗಸರಿಗೆಲ್ಲ ಅರಿಷಿಣ ಕುಂಕುಮ ಕೊಡುತ್ತಿದ್ದಳು. ನಾವು ಬಂದಾಗ ತಾಟನ್ನು ಸ್ವಲ್ಪ ಹಿಂದೆ ಸರಿಸಿ, ಬರ್ರಿ, ಕುಂದರ್ರಿ ಎಂದಳು. ಅತ್ತೆ ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತರು. ಹಿಂದಿನ ಓಣಿಯಿಂದ ಮಗ್ಗದ ಸದ್ದು ಕಿಟಕಿಯೊಳಗೆ ಬರುತ್ತಿತ್ತು.

ಸಾವಕಾರರು ಪರಿಚಯ ಭಾಷಣಕ್ಕೆ ನಿಂತರು. ನನ್ನ ಪರಿಚಯ ನಾಲ್ಕು ಮಾತಿನಲ್ಲಿ ಮುಗಿಯಿತು, ಉಳಿದದ್ದೆಲ್ಲ ಶರಣರ ಸಮತೆ. ಗಂಡು ಹೆಣ್ಣು ಒಂದೇ, ಮೇಲು ಕೀಳು ಇಲ್ಲ, ಒಳಗಿರುವ ಆತ್ಮ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಚಹಾ ಆರಿ ಕೆನೆಗಟ್ಟುವವರೆಗೆ ಸಮತೆ ನಡೆಯಿತು. ಆಮೇಲೆ ನಾನು ಎದ್ದೆ. ಮೊದಲೆರಡು ಪುಟ ತಲೆ ಎತ್ತದೆ ಓದಿದೆ. ಆದರೆ ಹಂಚಿನ ಕಾರ್ಖಾನೆಯ ಒಬ್ಬ ಮುಕಾದಮನ ಮೀಸೆಗೆ ಹೆಂಗಸರು ಇಟ್ಟ ಅಡ್ಡಹೆಸರು ಹೇಳಿದಾಗ ಬಲಗಡೆಯಿಂದ ನಗು ಎದ್ದಿತು. ಅಲ್ಲಿಂದ ನಾನು ನಿಲ್ಲಲಿಲ್ಲ. ಕೈ ಬಿರಿದ ಹೆಂಗಸರ ಮಾತನ್ನು ಅವರ ಮಾತಿನಲ್ಲೇ ಓದಿದೆ. ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಚಪ್ಪಾಳೆ ಜೋರಾಗಿಯೇ ಬಿತ್ತು. ಪುಸ್ತಕ ಹಿಡಿದುಕೊಂಡು ಜನ ಸಾಲು ಕಟ್ಟಿದರು.

ಮೇಜಿನ ಮೇಲೆ ಗ್ರಂಥಾಲಯದ ಪ್ರತಿ ಇಟ್ಟರು. ಕಾಂತಾ ತಾಟು ತಂದು ಪಕ್ಕದಲ್ಲಿಟ್ಟು, ಪುಟ ತೆರೆದು, ಕುಂಕುಮಕ್ಕೆ ಬೆರಳು ಚಾಚಿದಳು. ನಾನು ಅವಳ ಮುಂಗೈ ಹಿಡಿದೆ. ಗಟ್ಟಿಯಾಗಿ ಅಲ್ಲ, ಹಿಡಿದೆ ಅಷ್ಟೇ.

“ಪುಸ್ತಕ ನಂದು ತಂಗಿ, ನಾನ ಹಚ್ಚತೇನಿ,” ಎಂದೆ.

ಸಾವಕಾರರು ಬಗ್ಗಿ ನನ್ನ ಕಿವಿಯ ಹತ್ತಿರ ಬಂದರು. ತಮ್ಮದೇನೂ ಇಲ್ಲ, ಮಂದಿ ಒಪ್ಪುವುದಿಲ್ಲ ಎಂದರು. ಮಂದಿಯ ಹೆಗಲ ಮೇಲೆ ಬಂದೂಕು ಇಡುವುದು ಎಷ್ಟು ಸಲೀಸು! ನಾನು ಕೈ ಬಿಡಲಿಲ್ಲ. ಅವರ ದನಿ ಗಟ್ಟಿಯಾಯಿತು. “ಹಂಗಾದ್ರ ಈ ಪ್ರತಿ ನಮ್ಮ ಕಪಾಟಿನಾಗ ಹೋಗೂದಿಲ್ರಿ, ಅಕ್ಕಾರ.”

ನಾನು ಮೈಕಿನ ಹತ್ತಿರ ಹೋದೆ. ಬೇಕಾಗಿರಲಿಲ್ಲ, ಮಾಸ್ತರಿಕೆಯ ದನಿ ಓಣಿಯ ತುದಿಗೆ ಕೇಳುತ್ತದೆ. ಆದರೂ ಹೋದೆ.

“ಹೋದ ವರ್ಷ ಇದ ಮೇಜಿನ ಮ್ಯಾಲ ಈರಯ್ಯನವರು ತಮ್ಮ ಕಾದಂಬರಿಗೆ ಕುಂಕುಮ ಹಚ್ಚಿದ್ರು. ಅವರ ಹೆಂಡತಿ ತೀರಿ ಬಾಳ ವರ್ಷ ಆಗಿತ್ತು, ನಿಮಗೆಲ್ಲಾ ಗೊತ್ತೈತಿ. ಗುರುಪುತ್ರಪ್ಪ ಸಾವಕಾರರ ಕವಿತಾ ಪುಸ್ತಕಾನೂ ಅಲ್ಲೇ ಕಪಾಟಿನಾಗ ಐತಿ. ತೀರಿದ ಮೊದಲ ಹೆಂಡತಿ ನೆನಪಿಗೆ ಅಂತ ಅರ್ಪಣಾ ಮಾಡ್ಯಾರ. ಅದಕ್ಕ ಅವರ ಕೈಯಾರೆ ಕುಂಕುಮ ಹಚ್ಚ್ಯಾರ. ಹೆಂಡತಿ ಸತ್ತ ಗಂಡಸಿನ ಬೆರಳ ಪುಸ್ತಕಕ್ಕ ನಡೀತೈತಿ ಅಂದಮ್ಯಾಲ ನನ್ನ ಬೆರಳಿಗೆ ಏನಾಗೇತಿ? ಒಬ್ಬರು ಎದ್ದು ಹೇಳ್ರಿ. ನಾನು ಕೈ ತೊಳಕೊಂಡ ಊರಿಗೆ ಹೋಗತೇನಿ.”

ಎಡಗಡೆಯವರು ಸಾವಕಾರರ ಮುಖ ನೋಡಿದರು. ನಾನು ಮೇಜಿಗೆ ಬಂದು ತಾಟಿನಲ್ಲಿ ಬೆರಳದ್ದಿ ಪುಟದ ಮೂಲೆಗೆ ಒತ್ತಿದೆ. ಹದಿನಾಲ್ಕು ವರ್ಷಗಳ ಮೇಲೆ ಕುಂಕುಮ ಮುಟ್ಟಿದ್ದೆ. ಬೊಟ್ಟು ಸೊಟ್ಟಗಾಯಿತು. ಕೆಳಗೆ ಗೌರವ್ವ ಎಂದು ಸಹಿ ಹಾಕಿದೆ. ನನ್ನ ಹತ್ತಿರ ಸಹಿ ಬೇಕಾದವರ ಪುಸ್ತಕಕ್ಕೆ ಕುಂಕುಮವೂ ನಾನೇ ಹಚ್ಚುತ್ತೇನೆ, ಬೇಡವಾದವರು ಸಹಿಯಿಲ್ಲದೆ ಒಯ್ಯಬಹುದು ಎಂದು ಕುರ್ಚಿಯಲ್ಲಿ ಕೂತೆ.

ಸಾಲು ಸಡಿಲಾಯಿತು. ಒಬ್ಬರು ಗಡಿಯಾರ ನೋಡಿಕೊಂಡರು. ಇನ್ನೊಬ್ಬರು ಪುಸ್ತಕವನ್ನು ಹೆಗಲಿನ ಪಿಶವಿಗೆ ಹಾಕಿ ಬಸ್ಸಿನ ಹೊತ್ತಾಯಿತೆಂದರು. ಕಣ್ಣೊರೆಸಿಕೊಂಡ ಮುದುಕಿಯೂ ಸೊಸೆಯ ತೋಳು ಹಿಡಿದು ಹೊರಗೆ ಹೋದಳು. ಆಕೆಯ ಮೇಲೆ ನನಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂತು. ಅತ್ತೆ ಮಾತ್ರ ಕೂತಲ್ಲೇ ಕೂತಿದ್ದರು, ನೆಲ ನೋಡುತ್ತ. ಅವರನ್ನು ಇಲ್ಲಿಗೆ ಕರೆತಂದು ನಾಲ್ಕು ಜನರೆದುರು ತಲೆ ತಗ್ಗಿಸುವಂತೆ ಮಾಡಿದೆನಲ್ಲ ಎನಿಸಿತು. ಆದರೂ ಏಳಲಿಲ್ಲ. ಪೆನ್ನಿನ ಟೊಪ್ಪಿಗೆ ತೆಗೆದಿಟ್ಟುಕೊಂಡೇ ಕೂತೆ.

ಆಗ ಕಾಂತಾ ಮೇಜು ಸುತ್ತಿ ನನ್ನ ಎದುರಿಗೆ ಬಂದು ನಿಂತಳು. ಅವಳ ಕೈಯಲ್ಲಿ ಅವಳದೇ ಪ್ರತಿ ಇತ್ತು, ಅಂಚು ಮಡಚಿ ಮಡಚಿ ಓದಿದ್ದು. ಸಾವಕಾರರು ಹಿಂದಿನಿಂದ ಹೆಸರು ಹಿಡಿದು ಕರೆದರು. ಅವಳು ತಿರುಗಲಿಲ್ಲ. ಪುಸ್ತಕ ತೆರೆದು ನನ್ನ ಮುಂದೆ ಇಟ್ಟಳು. ನಾನು ಯಾವ ಹೆಸರು ಬರೆಯಲಿ ಎಂದು ಕೇಳಿದೆ.

“ಕಾಂತಾ ಅಂತ ಬರೀರಿ,” ಎಂದಳು. “ಮುಂದ ‘ಸೌ’ ಬ್ಯಾಡ. ನಾಳೆ ಅಳಿಸೂದನ್ನ ಇವತ್ಯಾಕ ಬರೀಬೇಕು?”

ನಾನು ಕಾಂತಾ ಎಂದು ಬರೆದೆ, ಕುಂಕುಮ ಹಚ್ಚಿದೆ. ಈ ಸಲ ಬೊಟ್ಟು ದುಂಡಗೆ ಬಂತು. ಅವಳ ಹಿಂದೆ ಮತ್ತೊಬ್ಬಳು ನಿಂತಳು, ಅವಳ ಹಿಂದೆ ಇಬ್ಬರು ಕಾಲೇಜು ಹುಡುಗಿಯರು, ಮತ್ತೆ ಒಬ್ಬ ಪಿಂಚಣಿದಾರರು. ಸಾಲು ಎಂದು ಕರೆಯುವಷ್ಟೇನಿರಲಿಲ್ಲ, ಆದರೆ ನನಗೆ ಅಷ್ಟು ಸಾಕಾಗಿತ್ತು.

ತಿರುಗಿ ಬರುವಾಗ ಗಾಡಿಯಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ಸಿಟ್ಟೋ ದುಃಖವೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯ, ಅಷ್ಟು ಜನರೆದುರು ಕುಣಿದಿದ್ದ ನನಗೆ, ಅವರೆದುರು ಬರಲಿಲ್ಲ. ಮನೆಯಲ್ಲೂ ಆ ವಿಷಯ ಎತ್ತಲಿಲ್ಲ. ಗೂಡಿನ ಡಬ್ಬಿ ಗೂಡಿನಲ್ಲೇ ಇತ್ತು.

ಗಣಪತಿ ಹಬ್ಬ ಮುಗಿದ ಮೇಲೆ ಒಂದು ದಿನ ಕಾಂತಾ ಒಬ್ಬಳೇ ಗಾಡಿ ಹತ್ತಿ ಬಂದಳು. ನನ್ನ ಪ್ರತಿಯನ್ನು ಕಪಾಟಿಗೆ ಹಾಕದೆ ಸಾವಕಾರರು ಮನೆಗೆ ತಂದು ಟ್ರಂಕಿನಲ್ಲಿ ಕೀಲಿ ಹಾಕಿ ಇಟ್ಟಿದ್ದರಂತೆ. ಅವಳು ಮನೆಯಲ್ಲಿ ಜಗಳ ಮಾಡಿದಳು. ಅವರು ಕೇಳಲಿಲ್ಲ. ಕೊನೆಗೆ ಕೀಲಿ ಹುಡುಕಿ ಟ್ರಂಕಿನಿಂದ ತಾನೇ ತೆಗೆದು, ಹಾಡಹಗಲು ಗ್ರಂಥಾಲಯಕ್ಕೆ ನಡೆದು ಹೋಗಿ, ಕಪಾಟು ತೆಗೆಸಿ, ಗಂಡನ ಕವಿತೆಗಳ ಪಕ್ಕದಲ್ಲಿ ನಿಲ್ಲಿಸಿ ಬಂದಿದ್ದಳು. ಈಗಾಗಲೇ ಯಾರೋ ಒಬ್ಬಾಕೆ ಮನೆಗೆ ಒಯ್ದಿದ್ದಾಳೆ ಎಂದಳು. ನಾನು ನಕ್ಕೆ, ಅವಳೂ ನಕ್ಕಳು. ಅತ್ತೆ ಅವಳ ಮುಂದೆ ಅವಲಕ್ಕಿ ತಂದಿಟ್ಟು ಎಲ್ಲ ಕೇಳಿಸಿಕೊಂಡು ಕೂತಿದ್ದರು.

ಸಂಜೆಯ ಗಾಡಿಗೆ ಕಾಂತಾ ಎದ್ದಳು. ರೂಢಿಯಂತೆ ಅವಳೇ ಗೂಡಿನ ಕಡೆ ಹೋಗಿ ಡಬ್ಬಿಗೆ ಕೈ ಚಾಚಿದಳು.

“ನಿಂದರು,” ಎಂದರು ಅತ್ತೆ.

ಅವರು ಎದ್ದು ಬಂದು ಡಬ್ಬಿಯನ್ನು ತಾವೇ ಎತ್ತಿಕೊಂಡರು. ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು.

“ಗೌರಾ, ಮನಿಗೆ ಬಂದಾಕಿಗೆ ಕುಂಕುಮ ಹಚ್ಚು,” ಎಂದರು.